ಹತ್ತನೇ ತರಗತಿ ಪರೀಕ್ಷೆಗೆ ಕೊನೆಯ 60 ದಿನ: ಓದಿದ್ದು ಪರೀಕ್ಷಾ ಕೊಠಡಿಯಲ್ಲಿ ನೆನಪಾಗುವಂತೆ ಓದುವ ಕ್ರಮ

ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮಕ್ಕಳ ಕೈಗೆ ಕೊಡುವ ದಿನ ಪ್ರತಿವರ್ಷವೂ ಒಂದೇ ಮಾತನ್ನು ಕೇಳುತ್ತೇನೆ: "ಸರ್, ಓದೀನ್ರೀ. ಆದ್ರ ಪೇಪರ್ ಕೈಗೆ ಬಂದ ಕೂಡ್ಲೇ ಎಲ್ಲಾ ಹೋಗಿಬಿಡ್ತೈತ್ರೀ." ಈ ಮಾತಿನಲ್ಲಿ ಸುಳ್ಳಿಲ್ಲ. ಅವರು ಓದಿರುತ್ತಾರೆ, ನೋಟ್‌ಬುಕ್ಕಿನ ಸಾಲುಸಾಲಿಗೂ ಗೆರೆ ಎಳೆದಿರುತ್ತಾರೆ, ಗೈಡಿನ ಹಾಳೆಗಳು ಮೂಲೆ ಮಡಚಿ ಸವೆದಿರುತ್ತವೆ. ಅವರ ತಪ್ಪು ಕೆಲಸದ ಕ್ರಮದಲ್ಲಿದೆ. ಪುಸ್ತಕ ತೆರೆದು ಓದುವುದನ್ನೇ ಎರಡು ತಿಂಗಳು ಮಾಡಿ, ಪುಸ್ತಕ ಮುಚ್ಚಿ ಬರೆಯುವುದನ್ನು ಪರೀಕ್ಷೆಯ ದಿನ ಮೊದಲ ಬಾರಿಗೆ ಮಾಡುತ್ತಾರೆ. ಆ ದಿನ ಕೈ ನಡುಗುವುದಕ್ಕೂ ಬಹುಪಾಲು ಇದೇ ಕಾರಣ, ಏಕೆಂದರೆ ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ವಿದ್ಯಾರ್ಥಿಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್ ತಿಂಗಳ ದ್ವಿತೀಯಾರ್ಧದಲ್ಲಿ ಆರಂಭವಾಗುವುದರಿಂದ, ಕೆಳಗಿನ ಹಂತಗಳನ್ನು ಜನವರಿ ಮಧ್ಯಭಾಗದಿಂದ ಹಿಡಿದರೆ ಸಮಯ ಸಾಲುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬಾರದು. ಒಂದರ ಮೇಲೊಂದು ನಿಲ್ಲುವಂತೆ ಅವುಗಳನ್ನು ಜೋಡಿಸಲಾಗಿದೆ.

ಬೇಕಾದ ಸಾಮಗ್ರಿ

ಆರು ವಿಷಯಗಳ ಪಠ್ಯಪುಸ್ತಕಗಳು, 200 ಪುಟಗಳ ಎರಡು ನೋಟ್‌ಬುಕ್, ಒಂದು ಕಡೆ ಖಾಲಿಯಿರುವ ರದ್ದಿ ಹಾಳೆಗಳ ಕಟ್ಟು, ಮುಳ್ಳುಗಳಿರುವ ಒಂದು ಗಡಿಯಾರ, ಮತ್ತು ಕರೆಂಟ್ ಹೋದಾಗ ಉರಿಯುವ ಚಾರ್ಜಿಂಗ್ ದೀಪ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಮಾದರಿ ಪ್ರಶ್ನೆಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಅವುಗಳ ಮತ್ತು ಹಿಂದಿನ ವರ್ಷಗಳ ಪತ್ರಿಕೆಗಳ ಜೆರಾಕ್ಸ್ ಪ್ರತಿಯನ್ನು ಪ್ರತಿ ವಿಷಯಕ್ಕೆ ಕನಿಷ್ಠ ಮೂರರಂತೆ ಸಂಗ್ರಹಿಸಿಕೊಳ್ಳಬೇಕು. ಹೊಸ ಗೈಡ್ ಬೇಡ. ಜನವರಿಯಲ್ಲಿ ಕೊಂಡ ಹೊಸ ಗೈಡ್ ಓದಿನ ಭಾರವನ್ನು ಹೆಚ್ಚಿಸುತ್ತದೆಯೇ ಹೊರತು ತಿಳಿವಳಿಕೆಯನ್ನಲ್ಲ.

1. ಬರುವುದು ಯಾವುದು, ಬಾರದ್ದು ಯಾವುದು ಎಂದು ವಿಂಗಡಿಸುವುದು (ಮೊದಲ ಮೂರು ದಿನ)

ಓದಲು ಕೂರುವ ಮೊದಲು ಪ್ರತಿ ವಿಷಯದ ಪಾಠಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪುಸ್ತಕ ತೆರೆಯದೆ, ಪ್ರತಿ ಪಾಠದ ಬಗ್ಗೆ ನೆನಪಿಗೆ ಬಂದಷ್ಟನ್ನು ಐದು ನಿಮಿಷ ಗೀಚಬೇಕು. ಅರ್ಧ ಪುಟ ತುಂಬಿದ ಪಾಠದ ಮುಂದೆ 'ಬರುತ್ತದೆ', ಎರಡು ಮೂರು ಸಾಲು ಬಂದ ಪಾಠದ ಮುಂದೆ 'ಅರ್ಧ', ಪೆನ್ನು ಓಡದೇ ನಿಂತ ಪಾಠದ ಮುಂದೆ 'ಬರುವುದಿಲ್ಲ' ಎಂದು ಗುರುತು ಹಾಕಬೇಕು.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಪಾಠದ ಹೆಸರು ಪರಿಚಿತವಾಗಿ ಕಂಡ ಕೂಡಲೇ 'ಬರುತ್ತದೆ' ಎಂದು ಬರೆದುಬಿಡುವುದು. 'ಬೆಳಕು: ಪ್ರತಿಫಲನ ಮತ್ತು ವಕ್ರೀಭವನ' ಎಂಬ ಹೆಸರು ಗೊತ್ತಿರುವುದು ಬೇರೆ, ಪೀನ ಮಸೂರದ ಮುಂದೆ 2F ಬಿಂದುವಿನಲ್ಲಿ ವಸ್ತುವನ್ನಿಟ್ಟಾಗ ಕಿರಣ ಚಿತ್ರವನ್ನು ಎಳೆಯಲು ಬರುವುದು ಬೇರೆ. ಗುರುತು ಹಾಕುವ ಮುನ್ನ ಹಾಳೆಯ ಮೇಲೆ ಏನಾದರೂ ಬಿದ್ದಿರಲೇಬೇಕು.

2. ಮನೆಗೆ ಹೊಂದುವ ವೇಳಾಪಟ್ಟಿ

ದಿನಕ್ಕೆ ಹತ್ತು ಗಂಟೆ ಓದಬೇಕೆಂಬ ವೇಳಾಪಟ್ಟಿಯನ್ನು ಬಣ್ಣದ ಪೆನ್ನುಗಳಲ್ಲಿ ಬರೆದು ಗೋಡೆಗೆ ಅಂಟಿಸುವ ಮಕ್ಕಳನ್ನು ಬಹಳ ನೋಡಿದ್ದೇನೆ. ಅದು ನಾಲ್ಕನೆಯ ದಿನಕ್ಕೆ ಮುರಿದು ಬೀಳುತ್ತದೆ, ಮುರಿದ ವೇಳಾಪಟ್ಟಿ ಗೋಡೆಯ ಮೇಲಿದ್ದುಕೊಂಡೇ ದಿನವೂ ಮನಸ್ಸನ್ನು ಕುಗ್ಗಿಸುತ್ತದೆ. ನಮ್ಮ ಭಾಗದಲ್ಲಿ ಇದೇ ತಿಂಗಳುಗಳಲ್ಲಿ ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ಕೆಲಸವಿರುತ್ತದೆ, ಅವ್ವ ಅಪ್ಪ ಹೊಲಕ್ಕೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹತ್ತನೇ ತರಗತಿಯ ಮಗುವಿನ ಮೇಲೇ ಬೀಳುತ್ತದೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ, ಆಮೇಲೆ ನೆಂಟರ ಮದುವೆಗಳು ಸಾಲುಗಟ್ಟುತ್ತವೆ. ಇವೆಲ್ಲ ಇಲ್ಲವೆಂದು ಭಾವಿಸಿ ಮಾಡಿದ ವೇಳಾಪಟ್ಟಿ ಯಾರಿಗೂ ಪ್ರಯೋಜನಕ್ಕೆ ಬಾರದು.

ಶಾಲೆಯಿರುವ ದಿನಗಳಲ್ಲಿ ನಾಲ್ಕು ಗಂಟೆ ಸಾಕು: ಬೆಳಿಗ್ಗೆ 5.15ರಿಂದ 7.15, ಸಂಜೆ 6.30ರಿಂದ 8.30. ಬೆಳಗಿನ ಎರಡು ಗಂಟೆಯನ್ನು 'ಬರುವುದಿಲ್ಲ' ಎಂದು ಗುರುತು ಹಾಕಿದ ಪಾಠಗಳಿಗೂ ಗಣಿತಕ್ಕೂ ಮೀಸಲಿಡಬೇಕು. ಫೆಬ್ರವರಿ ಮುಗಿಯುವ ಹೊತ್ತಿಗೆ ರಾಯಚೂರು, ಬಳ್ಳಾರಿಗಳಲ್ಲಿ ಮಧ್ಯಾಹ್ನದ ಬಿಸಿಲು ತಲೆಯನ್ನು ಮಂಕು ಮಾಡುವಷ್ಟು ಏರುತ್ತದೆ, ಪತ್ರಾಸಿನ (ತಗಡಿನ ಛಾವಣಿಯ) ಮನೆಯೊಳಗೆ ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಕುಳಿತು ಓದುತ್ತೇನೆಂದು ಹಟ ಹಿಡಿಯುವುದು ವ್ಯರ್ಥ. ರಜೆಯ ದಿನ ಆ ಹೊತ್ತಿನಲ್ಲಿ ಅರ್ಧ ಗಂಟೆ ಮಲಗುವುದೇ ಲೇಸು. ಪ್ರತಿ 40 ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿದು, ಹತ್ತು ನಿಮಿಷ ಅಂಗಳದಲ್ಲಿ ಓಡಾಡಬೇಕು. ಆ ಹತ್ತು ನಿಮಿಷದಲ್ಲಿ ಮೊಬೈಲ್ ಹಿಡಿದರೆ ಅದು ವಿರಾಮವಾಗುವುದಿಲ್ಲ, ಹತ್ತು ನಿಮಿಷದಲ್ಲಿ ಮುಗಿಯುವುದೂ ಇಲ್ಲ.

ವಾರಕ್ಕೆ ಒಂದು ಸಂಜೆಯನ್ನು ಖಾಲಿ ಬಿಡಬೇಕು. ಜಾತ್ರೆಯೋ ಮದುವೆಯೋ ಜ್ವರವೋ ಬಂದು ತಪ್ಪಿದ ಕೆಲಸವನ್ನು ತುಂಬಿಕೊಳ್ಳಲು ಆ ಸಂಜೆ ಬೇಕಾಗುತ್ತದೆ.

3. ಪುಸ್ತಕ ಮುಚ್ಚಿ ಬರೆಯುವುದು

ಇಡೀ ವಿಧಾನದ ತಿರುಳು ಇದೇ ಆಗಿರುವುದರಿಂದ ಇದನ್ನು ನಿಧಾನವಾಗಿ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಒಂದು ಪಾಠದ ಎರಡು ಮೂರು ಪುಟಗಳನ್ನು ಒಮ್ಮೆ, ಅರ್ಥವಾಗುವ ವೇಗದಲ್ಲಿ ಓದಬೇಕು. ಪುಸ್ತಕ ಮುಚ್ಚಬೇಕು. ರದ್ದಿ ಹಾಳೆಯ ಮೇಲೆ, ಈಗ ಓದಿದ್ದನ್ನು ತನ್ನದೇ ಮಾತಿನಲ್ಲಿ, ಚಿತ್ರವಿದ್ದರೆ ಚಿತ್ರಸಹಿತ ಬರೆಯಬೇಕು. ಮರೆತಲ್ಲಿ ತಕ್ಷಣ ಪುಸ್ತಕ ತೆರೆಯದೆ ಒಂದೆರಡು ನಿಮಿಷ ನೆನಪನ್ನು ಕೆದಕಬೇಕು, ಆಗಲೂ ಬಾರದಿದ್ದರೆ ಅಲ್ಲಿ ಜಾಗ ಬಿಟ್ಟು ಮುಂದೆ ಹೋಗಬೇಕು. ಕೊನೆಯಲ್ಲಿ ಪುಸ್ತಕ ತೆರೆದು, ಬಿಟ್ಟ ಜಾಗಗಳನ್ನೂ ತಪ್ಪುಗಳನ್ನೂ ಬೇರೆ ಬಣ್ಣದ ಪೆನ್ನಿನಿಂದ ತುಂಬಬೇಕು. ಆ ಬಣ್ಣದಲ್ಲಿ ಬರೆದದ್ದಷ್ಟೇ ನಿಜವಾಗಿ ಓದಬೇಕಾದ ಭಾಗ.

ಹೀಗೆ ಬರೆಯುವಾಗ ಹಿಂಸೆಯಾಗುತ್ತದೆ. ಓದುವಾಗ ಎಲ್ಲವೂ ಬಂದಂತೆ ಅನಿಸುತ್ತದೆ, ಮುಚ್ಚಿ ಬರೆಯುವಾಗ ಏನೂ ಬಾರದಂತೆ ಅನಿಸುತ್ತದೆ. ಆದ್ದರಿಂದಲೇ ಮಕ್ಕಳು ಎರಡನೆಯ ದಿನಕ್ಕೆ ಇದನ್ನು ಬಿಟ್ಟು ಮತ್ತೆ ಓದಿಗೆ ಮರಳುತ್ತಾರೆ. ಈ ಅನಿಸಿಕೆ ಎಷ್ಟು ಮೋಸದ್ದೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಓದಿದವರಿಗೆ ಉಳಿದಿದ್ದು ಶೇ 40ರಷ್ಟು, ಬರೆದವರಿಗೆ ಉಳಿದಿದ್ದು ಶೇ 61ರಷ್ಟು. ರಾತ್ರಿ ಓದಿ ಮುಗಿಸಿದಾಗ 'ಎಲ್ಲಾ ಬಂತು' ಎನಿಸುವುದೂ ವಾರ ಕಳೆದ ಮೇಲೆ 'ಎಲ್ಲಾ ಹೋಯಿತು' ಎನಿಸುವುದೂ ಏಕೆಂದು ಇದರಿಂದ ತಿಳಿಯುತ್ತದೆ.

ವಿಷಯಕ್ಕೆ ತಕ್ಕಂತೆ ಈ ಹಂತ ಸ್ವಲ್ಪ ಬದಲಾಗುತ್ತದೆ. ಗಣಿತದಲ್ಲಿ ಪುಸ್ತಕದಲ್ಲಿ ಬಿಡಿಸಿರುವ ಲೆಕ್ಕವನ್ನು ಕಣ್ಣಿನಿಂದ ಓದುವುದಕ್ಕೆ ಬೆಲೆಯೇ ಇಲ್ಲ. ಪರಿಹಾರವನ್ನು ಅಂಗೈಯಿಂದ ಮುಚ್ಚಿ, ಮೊದಲ ಹೆಜ್ಜೆಯನ್ನು ತಾನು ಬರೆದು, ಕೈ ಒಂದು ಸಾಲು ಸರಿಸಿ ಹೋಲಿಸಿ ನೋಡಬೇಕು. ಥೇಲ್ಸನ ಪ್ರಮೇಯದಂತಹ ಸಾಧನೆಗಳಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಭಾಗಗಳನ್ನೂ ಆಕೃತಿಯನ್ನೂ ಪ್ರತಿಸಲ ಪೂರ್ತಿ ಬರೆಯಬೇಕು, ಏಕೆಂದರೆ ಅಂಕಗಳು ಹಂತಗಳಿಗೆ ಹಂಚಿರುತ್ತವೆ. ವಿಜ್ಞಾನದಲ್ಲಿ ಹೃದಯದ ನೀಳಛೇದ ನೋಟದಂತಹ ಚಿತ್ರಗಳನ್ನು ನೋಡಿ ಬಿಡಿಸುವುದನ್ನು ಒಮ್ಮೆಗೇ ನಿಲ್ಲಿಸಿ, ನೋಡದೆ ಬಿಡಿಸಿ ಭಾಗಗಳನ್ನು ಗುರುತಿಸಬೇಕು. ಸಮಾಜ ವಿಜ್ಞಾನದಲ್ಲಿ ಕಾರಣಗಳನ್ನೂ ಪರಿಣಾಮಗಳನ್ನೂ ಮೊದಲು ಒಂದೊಂದು ಪದದಲ್ಲಿ ಪಟ್ಟಿ ಮಾಡಿ, ಆಮೇಲೆ ವಾಕ್ಯ ಕಟ್ಟಬೇಕು. ಇಂಗ್ಲಿಷ್ ಪದ್ಯದ ಕಂಠಪಾಠಕ್ಕೆ ಮಾತ್ರ ಬಾಯಿಂದ ಹೇಳುವುದು ಒಳ್ಳೆಯದು. ಅದಾದ ಮೇಲೂ ಒಮ್ಮೆ ಬರೆಯಲೇಬೇಕು, ಕಾಗುಣಿತದ ತಪ್ಪು ಬಾಯಿಯಲ್ಲಿ ಕಾಣಿಸುವುದಿಲ್ಲ.

ಎಚ್ಚರಿಕೆಯ ಲಕ್ಷಣ: ಬೇರೆ ಬಣ್ಣದ ಬರಹ ಒಂದು ವಾರವಾದರೂ ಕಡಿಮೆಯಾಗದಿದ್ದರೆ, ಆ ಪಾಠ ನೆನಪಾಗದಿರುವುದಕ್ಕಿಂತ ಅರ್ಥವೇ ಆಗಿಲ್ಲವೆಂದು ತಿಳಿಯಬೇಕು. ಅದನ್ನು ಮತ್ತೆ ಮತ್ತೆ ಬರೆಯದೆ, ಪುಸ್ತಕ ಹಿಡಿದು ಶಿಕ್ಷಕರ ಬಳಿ ಹೋಗಬೇಕು. ಹೋಗುವಾಗ "ಪಾಠ ತಿಳೀಲಿಲ್ಲ ಸರ್" ಎನ್ನದೆ, "ಈ ಸಾಲಿನಿಂದ ಈ ಸಾಲಿಗೆ ಹೆಂಗ್ ಬಂತು ಸರ್" ಎಂದು ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

4. ತಪ್ಪುಗಳ ಪುಸ್ತಕ

ಎರಡು ನೋಟ್‌ಬುಕ್‌ಗಳಲ್ಲಿ ಒಂದನ್ನು ತಪ್ಪುಗಳಿಗೆಂದೇ ಇಡಬೇಕು. ಮಾಡಿದ ಪ್ರತಿ ತಪ್ಪನ್ನೂ ಮೂರು ಬಗೆಯಲ್ಲಿ ಗುರುತಿಸಬೇಕು: ತಿಳಿಯದೆ ಆದದ್ದು, ಮರೆತು ಆದದ್ದು, ಅವಸರದಲ್ಲಿ ಆದದ್ದು. 220 V, 100 W ಎಂದು ಬರೆದಿರುವ ಬಲ್ಬಿನ ರೋಧವನ್ನು ಕಂಡುಹಿಡಿಯಲು ಹೇಳಿದಾಗ ನನ್ನ ತರಗತಿಯಲ್ಲಿ ಹಲವರು 220ನ್ನು 100ರಿಂದ ಭಾಗಿಸಿ 2.2 ಓಮ್ ಎಂದು ಬರೆಯುತ್ತಾರೆ. ಸಾಮರ್ಥ್ಯ, ವಿಭವಾಂತರ ಮತ್ತು ರೋಧಗಳ ಸಂಬಂಧವೇ ಗೊತ್ತಿಲ್ಲದಿದ್ದರೆ ಅದು ಮೊದಲ ಬಗೆ. V²/P ಎಂಬ ಸೂತ್ರ ನೆನಪಾಗದಿದ್ದರೆ ಎರಡನೆಯದು. ಸೂತ್ರ ಸರಿಯಾಗಿ ಬರೆದು ವರ್ಗ ಮಾಡುವುದನ್ನು ಬಿಟ್ಟಿದ್ದರೆ ಮೂರನೆಯದು. ಸರಿಯುತ್ತರ 484 ಓಮ್ ಎಂದು ತಿದ್ದಿಕೊಂಡು ಸುಮ್ಮನಾದರೆ ಯಾವ ಬಗೆಯ ತಪ್ಪೆಂದು ತಿಳಿಯುವುದೇ ಇಲ್ಲ, ಮುಂದಿನ ಸಲವೂ ಅದೇ ತಪ್ಪು ಬರುತ್ತದೆ. ಮೊದಲ ಬಗೆಗೆ ಶಿಕ್ಷಕರ ಸಹಾಯ ಬೇಕು, ಎರಡನೆಯದಕ್ಕೆ ಮುಂದಿನ ಹಂತದಲ್ಲಿ ಹೇಳುವ ಪುನರಾವರ್ತನೆ ಬೇಕು, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ ಬೇಕು.

5. ಪುನರಾವರ್ತನೆಯ ದಿನಗಳು

ಮುಚ್ಚಿ ಬರೆದ ಪಾಠವನ್ನು ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತು ಇಪ್ಪತ್ತೊಂದನೆಯ ದಿನ ಮತ್ತೆ ಮುಚ್ಚಿ ಬರೆಯಬೇಕು. ಪ್ರತಿಸಲವೂ ಹಿಡಿಯುವ ಸಮಯ ಇಳಿಯುತ್ತಾ ಹೋಗುತ್ತದೆ; ಇಪ್ಪತ್ತೊಂದನೆಯ ದಿನಕ್ಕೆ ಮುಖ್ಯಾಂಶಗಳನ್ನು ಹತ್ತು ನಿಮಿಷದಲ್ಲಿ ಪಟ್ಟಿ ಮಾಡಿದರೆ ಸಾಕಾಗುತ್ತದೆ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲೇ ಪಾಠದ ಹೆಸರಿನೊಂದಿಗೆ ಬರೆದಿಟ್ಟರೆ, ಇವತ್ತು ಏನು ಓದಲಿ ಎಂಬ ಗೊಂದಲದಲ್ಲಿ ಕಳೆಯುವ ಅರ್ಧ ಗಂಟೆ ಉಳಿಯುತ್ತದೆ.

6. ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ ಬರೆಯುವುದು (ಕೊನೆಯ 25 ದಿನ)

ಪ್ರಥಮ ಭಾಷೆಗೆ 100, ಉಳಿದ ಐದು ವಿಷಯಗಳಿಗೆ ತಲಾ 80 ಅಂಕಗಳ ಲಿಖಿತ ಪರೀಕ್ಷೆಯಿರುತ್ತದೆ; ಪ್ರಥಮ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಬರೆಯಲು ಮೂರು ಗಂಟೆ, ಅದಕ್ಕೆ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಸಿಗುತ್ತದೆ; ದ್ವಿತೀಯ, ತೃತೀಯ ಭಾಷೆಗಳಿಗೆ ಓದಿಕೊಳ್ಳುವ 15 ನಿಮಿಷವೂ ಸೇರಿ ಮೂರು ಗಂಟೆ. 80 ಅಂಕಗಳಿಗೆ 180 ನಿಮಿಷ ಸಿಗುವಲ್ಲಿ ಅಂಕಕ್ಕೆ ಎರಡು ನಿಮಿಷದಂತೆ 160 ನಿಮಿಷ ಬರೆದು, 20 ನಿಮಿಷ ತಿರುಗಿ ನೋಡಲು ಉಳಿಸಿಕೊಳ್ಳಬಹುದು. ಮೂರು ಅಂಕದ ಉತ್ತರಕ್ಕೆ ಹದಿನೈದು ನಿಮಿಷ ಕೊಡುವವರು ಕೊನೆಯ ಪುಟ ಬಿಟ್ಟು ಬರುವುದು ಇದೇ ಲೆಕ್ಕ ತಪ್ಪಿ.

ವಾರಕ್ಕೆ ಎರಡು ಪತ್ರಿಕೆಗಳನ್ನು, ಒಂದೇ ಬಾರಿಗೆ ಕುಳಿತು, ಸಾಧ್ಯವಾದರೆ ನಿಜವಾದ ಪರೀಕ್ಷೆಯ ಹೊತ್ತಿನಲ್ಲಿಯೇ ಬರೆಯಬೇಕು. ನೆಲದ ಮೇಲೆ ಬೋರಲು ಮಲಗಿ ಬರೆಯುವುದು ಅಭ್ಯಾಸವಾಗಿದ್ದರೆ ಅದನ್ನು ಬಿಟ್ಟು ಬೆಂಚಿನ ಮೇಲೆ ಕೂರಬೇಕು. ಮನೆಯಲ್ಲಿ ಬೆಂಚು ಇಲ್ಲದವರು ಭಾನುವಾರ ಶಾಲೆಯ ಕೊಠಡಿ ತೆರೆದುಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಬಹುದು, ಕೇಳಿದವರಿಗೆ ಬಹುತೇಕ ಸಿಗುತ್ತದೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಗುತ್ತಿದೆ. ಅದು ನಕಲು ತಡೆಯಲೆಂದು ಇರುವಂಥದ್ದು. ತನ್ನಷ್ಟಕ್ಕೆ ಬರೆಯುವವರು ಅದರ ಕಡೆ ಗಮನ ಕೊಡಬೇಕಾಗಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಬೇಕು, ಏಕೆಂದರೆ ಕ್ಯಾಮೆರಾ ಕಂಡೇ ಹೆದರಿದವರನ್ನು ನಾನು ನೋಡಿದ್ದೇನೆ.

7. ಆತಂಕವನ್ನು ನಿಭಾಯಿಸುವುದು

ಮೇಲಿನ ಆರು ಹಂತಗಳು ನಡೆದರೆ ಆತಂಕ ತಾನಾಗಿಯೇ ಸಾಕಷ್ಟು ಇಳಿದಿರುತ್ತದೆ. ಉಳಿದದ್ದು ದೇಹದ ಸಹಜ ಸಿದ್ಧತೆ: ಅಪಾಯವೆನಿಸಿದಾಗ ಅಡ್ರಿನಲಿನ್ ಹೆಚ್ಚುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಇದಾದ ಕೂಡಲೇ 'ನನಗೇನೋ ಆಗುತ್ತಿದೆ' ಎಂದು ಹೆದರುವುದರಿಂದ ಅದು ಇಮ್ಮಡಿಯಾಗುತ್ತದೆ.

ಮಾಡಬೇಕಾದ್ದು ಎರಡು. ಮೊದಲನೆಯದು ಉಸಿರು: ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ, ಐದು ನಿಮಿಷ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಇದನ್ನು ಪರೀಕ್ಷೆಯ ದಿನ ಹೊಸದಾಗಿ ಮಾಡಿದರೆ ಹಿಡಿತಕ್ಕೆ ಸಿಗುವುದಿಲ್ಲ. ಈಗಿನಿಂದಲೇ ದಿನವೂ ಮಲಗುವ ಮುನ್ನ ಮಾಡಿರಬೇಕು. ಎರಡನೆಯದು ಭಯವನ್ನು ಬರೆಯುವುದು. ಹಾಳೆಯೊಂದರಲ್ಲಿ ಹತ್ತು ನಿಮಿಷ, 'ಫೇಲಾದರೆ ಅಪ್ಪ ಶಾಲೆ ಬಿಡಿಸುತ್ತಾನೆ', 'ಗಣಿತ ಬಿಟ್ಟುಹೋದರೆ ಮದುವೆ ಮಾಡಿಬಿಡುತ್ತಾರೆ' ಎಂಬಂತಹ ಮನಸ್ಸಿನಲ್ಲಿರುವ ಭಯಗಳನ್ನು ಇದ್ದಂತೆ ಬರೆದು, ಹರಿದು ಹಾಕಬಹುದು. ಪರೀಕ್ಷೆಗೆ ತುಸು ಮುಂಚೆ ಹೀಗೆ ಬರೆದ, ಹೆಚ್ಚು ಆತಂಕವಿದ್ದ ವಿದ್ಯಾರ್ಥಿಗಳು ಉತ್ತಮ ಅಂಕ ಪಡೆದದ್ದನ್ನು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಆ ಎರಡನೆಯ ಭಯ ಎಷ್ಟು ಆಳವಾಗಿದೆ ಎಂಬುದು ಅವರು ಬರೆದಾಗಲೇ ನನಗೆ ತಿಳಿದದ್ದು.

ನಿದ್ದೆಯ ವಿಷಯದಲ್ಲಿ ರಾಜಿ ಬೇಡ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾ ತಜ್ಞರ ಶಿಫಾರಸು. 9 ಗಂಟೆಗೆ ಮಲಗಿ 5 ಗಂಟೆಗೆ ಎದ್ದರೆ ಎಂಟು ಗಂಟೆಯಾಗುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ, ಆದ್ದರಿಂದ ಚಹಾ ಕುಡಿದು ರಾತ್ರಿ ಒಂದು ಗಂಟೆಯವರೆಗೆ ಕೂರುವವರು ಅಂದಿನ ಓದನ್ನೇ ಕಳೆದುಕೊಳ್ಳುತ್ತಾರೆ.

ಇವನ್ನೆಲ್ಲ ಮೀರಿದ ಲಕ್ಷಣಗಳೂ ಇವೆ. ಎರಡು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಗೆಳೆಯರೊಂದಿಗೆ ಮಾತು ನಿಂತಿದೆ, ಕಾರಣವಿಲ್ಲದೆ ಅಳು ಬರುತ್ತಿದೆ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಾಯಿಗೆ ಬಂದಿದೆ. ಇವುಗಳಲ್ಲಿ ಕೊನೆಯದೊಂದು ಕಂಡರೂ ಅದನ್ನು ಪರೀಕ್ಷೆಯ ಹೆದರಿಕೆಯೆಂದು ತಳ್ಳಿಹಾಕದೆ, ಮಗುವನ್ನು ಒಂಟಿಯಾಗಿ ಬಿಡದೆ, ಅಂದೇ ಸಹಾಯ ಪಡೆಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು.

ಮನೆಯವರಿಗೆ ಒಂದು ಮಾತು: ಪಕ್ಕದ ಮನೆಯ ಮಗುವಿನ ಅಂಕಗಳನ್ನು ಈ ಎರಡು ತಿಂಗಳು ಎತ್ತಬೇಡಿ, ಟಿವಿಯ ಸದ್ದನ್ನು ಸಂಜೆ ಎರಡು ಗಂಟೆ ನಿಲ್ಲಿಸಿ. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋದರೂ ಅದೇ ವರ್ಷ ಪರೀಕ್ಷೆ-2 ಬರೆಯುವ ಅವಕಾಶವಿದೆಯೆಂದು ನೀವೇ ಮಗುವಿಗೆ ಹೇಳಿ. ಶಿಕ್ಷಕರು ಹೇಳುವುದಕ್ಕಿಂತ ಅಪ್ಪ ಅವ್ವ ಹೇಳಿದಾಗ ಅದರ ತೂಕ ಬೇರೆ.

8. ಹಿಂದಿನ ದಿನ

ಹೊಸದೇನನ್ನೂ ಓದಬಾರದು. ತಪ್ಪುಗಳ ಪುಸ್ತಕದಲ್ಲಿ ಆ ವಿಷಯದ ಪುಟಗಳನ್ನು ತಿರುವಿ, ಸೂತ್ರಗಳನ್ನು ಒಮ್ಮೆ ಮುಚ್ಚಿ ಬರೆದು ಸಂಜೆ ಏಳಕ್ಕೆ ನಿಲ್ಲಿಸಬೇಕು. ಪ್ರವೇಶ ಪತ್ರ, ಎರಡು ಪೆನ್ನು, ಪೆನ್ಸಿಲ್, ಸ್ಕೇಲ್, ಜ್ಯಾಮಿಟ್ರಿ ಬಾಕ್ಸ್ ಮತ್ತು ನೀರಿನ ಬಾಟಲಿಯನ್ನು ರಾತ್ರಿಯೇ ಚೀಲಕ್ಕೆ ಹಾಕಿಡಬೇಕು. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ, ಬಸ್ಸು ಯಾವಾಗ ಬರುತ್ತದೆಂದು ಒಂದು ದಿನ ಮುಂಚೆ ಹೋಗಿ ನೋಡಿ ಬರುವುದು ಅವಶ್ಯ. ಒಂದೇ ಬಸ್ಸನ್ನು ನಂಬದೆ ಅದಕ್ಕಿಂತ ಮುಂಚಿನದಕ್ಕೆ ಹೊರಡಬೇಕು. ಮಿರ್ಚಿ ಮಂಡಾಳು ಒಗ್ಗರಣೆ ಎಷ್ಟೇ ಇಷ್ಟವಿದ್ದರೂ ಆ ರಾತ್ರಿ ಬೇಡ. ರೊಟ್ಟಿಯೋ ಅನ್ನ ಮಜ್ಜಿಗೆಯೋ, ಮನೆಯಲ್ಲಿ ದಿನವೂ ಉಣ್ಣುವುದನ್ನೇ ಉಣ್ಣಬೇಕು.

9. ಕೊಠಡಿಯ ಒಳಗೆ, ಮತ್ತು ಹೊರಬಂದ ಮೇಲೆ

ಕೇಂದ್ರದ ಗೇಟಿನ ಹತ್ತಿರ "ಅದು ಓದಿದ್ಯೇನ್ಲೇ, ಇದು ಬರ್ತೈತಂತೆ" ಎನ್ನುವ ಗುಂಪಿನಿಂದ ದೂರ ನಿಲ್ಲಬೇಕು. ಮೊದಲ 15 ನಿಮಿಷದಲ್ಲಿ ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದಿ, ಖಂಡಿತ ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳಬೇಕು. ಬರವಣಿಗೆಯನ್ನು ಅವುಗಳಿಂದಲೇ ಆರಂಭಿಸಿ, ಪ್ರಶ್ನೆ ಸಂಖ್ಯೆಯನ್ನು ಪತ್ರಿಕೆಯಲ್ಲಿದ್ದಂತೆ ಸರಿಯಾಗಿ ನಮೂದಿಸಬೇಕು. ಎಲ್ಲವೂ ಮರೆತಂತೆ ಅನಿಸಿದರೆ ಪೆನ್ನು ಕೆಳಗಿಟ್ಟು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಆರು ಎಣಿಸುತ್ತಾ ಐದಾರು ಸಲ ಉಸಿರು ಬಿಡಬೇಕು. ಬಳಿಕ ಆ ಪಾಠದ ಯಾವುದಾದರೂ ಒಂದು ಪದವನ್ನೋ ಚಿತ್ರವನ್ನೋ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಕಚ್ಚಾ ಕೆಲಸವೆಂದು ಬರೆದರೆ, ಮುಚ್ಚಿ ಬರೆದು ಅಭ್ಯಾಸವಿರುವ ಕೈಗೆ ಉಳಿದದ್ದು ಒಂದೊಂದಾಗಿ ಬರತೊಡಗುತ್ತದೆ. ಪೂರ್ತಿ ಬಾರದ ಲೆಕ್ಕಕ್ಕೂ ದತ್ತಾಂಶ ಮತ್ತು ಸೂತ್ರ ಬರೆದು ಬರಬೇಕು, ಖಾಲಿ ಜಾಗಕ್ಕೆ ಯಾರೂ ಅಂಕ ಕೊಡಲಾರರು.

ಹೊರಬಂದ ಮೇಲೆ ಉತ್ತರಗಳನ್ನು ತಾಳೆ ನೋಡುತ್ತಾ ನಿಲ್ಲದೆ ಮನೆಗೆ ಬಂದು ಉಂಡು ಒಂದು ಗಂಟೆ ಮಲಗಬೇಕು. ಬರೆದು ಮುಗಿದ ಪ್ರಶ್ನೆಪತ್ರಿಕೆಯನ್ನು ಕೊನೆಯ ಪರೀಕ್ಷೆ ಮುಗಿಯುವವರೆಗೆ ಮನೆಯ ದೊಡ್ಡವರ ಕೈಗೆ ಕೊಟ್ಟುಬಿಟ್ಟು, ಸಂಜೆ 6.30ಕ್ಕೆ ಮುಂದಿನ ವಿಷಯದ ತಪ್ಪುಗಳ ಪುಟವನ್ನು ತೆರೆಯಬೇಕು.